ಒಂದೂವರೆ ಅಡಿ ಕುಣಿಯಲ್ಲಿ ನಿಂತ ಮಲ್ಲಕಂಬ

ಮಲ್ಲಕಂಬವನ್ನು ಶಾಲೆಯ ಹಿತ್ತಲಿನಿಂದ ಕಿತ್ತು ವೇದಿಕೆಯ ಮುಂದೆ ನೆಡುವುದೆಂದು ತೀರ್ಮಾನವಾದಾಗ ನಾನು ಅದೇ ಕೋಣೆಯಲ್ಲಿದ್ದೆ. ಮೇಜಿನ ತುದಿಯಲ್ಲಿ ಕುಳಿತು ವಾರ್ಷಿಕ ವರದಿ ಬರೆಯುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆ ಎತ್ತಲಿಲ್ಲ. ಆ ದಿನಗಳನ್ನು ನೆನಪಿಸಿಕೊಳ್ಳಲು ಹೊರಟರೆ ಈಗಲೂ ಅಲ್ಲಿಂದಲೇ ಶುರುವಾಗುತ್ತದೆ.

ಅದು ಗದಗ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮುಂಡರಗಿ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ತಾಸು ನಡೆಯಬೇಕು. ಅದೇ ಆವರಣದೊಳಗೆ ಅಂಗನವಾಡಿಯೂ ಇದೆ. ನಾನು ಆರು ಮತ್ತು ಏಳನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿ. ಬೆಟಗೇರಿಯಿಂದ ದಿನಾ ಹೋಗಿ ಬರುತ್ತೇನೆ. ಈ ಸಲ ಶಾಲೆಯ ವಾರ್ಷಿಕೋತ್ಸವ, ಅಂಗನವಾಡಿಯ ಬಾಲಮೇಳ ಎರಡನ್ನೂ ಒಂದೇ ದಿನ ಇಟ್ಟುಕೊಂಡಿದ್ದರು. ವರದಿ ಬರೆದು ಓದುವುದು, ಮೈಕ್ ಹಿಡಿದು ನಿರೂಪಣೆ ಮಾಡುವುದು ಎರಡೂ ನನ್ನ ಪಾಲಿಗೆ ಬಂದಿದ್ದವು.

ವರದಿ ಬರೆಯುವುದು ಕಷ್ಟವಾಗಿರಲಿಲ್ಲ. ಬರೆಯಲು ಬೇಕಾದಷ್ಟಿತ್ತು. ಪ್ರತಿಭಾ ಕಾರಂಜಿಯ ಮಣ್ಣಿನ ಮಾದರಿಯಲ್ಲಿ ಆರನೇ ತರಗತಿಯ ಹುಡುಗ ಎತ್ತಿನ ಜೋಡಿ ಮಾಡಿ ತಾಲೂಕಿಗೆ ಮೊದಲು ಬಂದಿದ್ದ. ಐದನೇ ತರಗತಿಯ ಇಬ್ಬರು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಿದ್ದರು. ಅಂಗನವಾಡಿ ಕಾರ್ಯಕರ್ತೆ ಬೋರ್‌ವೆಲ್ಲಿನ ಪೋಲು ನೀರಿಗೆ ಕಾಲುವೆ ಮಾಡಿ ನುಗ್ಗೆ, ಮೆಂತ್ಯ, ರಾಜಗಿರಿ ಬೆಳೆಸಿದ್ದರು. ಅವರ ಇಪ್ಪತ್ತೆರಡು ಮಕ್ಕಳು ಆ ಸೊಪ್ಪನ್ನೇ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದರು. ಹಾಡು, ಅಂಕಿ, ವಾರಗಳ ಹೆಸರು ಪಟಪಟ ಹೇಳುತ್ತಿದ್ದರು. ಕೊನೆಯದು ಮಲ್ಲಕಂಬ. ನಮ್ಮ ಹುಡುಗಿಯರ ತಂಡ ಜಿಲ್ಲೆಗೆ ಮೊದಲು ಬಂದಿತ್ತು. ಅದರಲ್ಲಿ ಏಳನೇ ತರಗತಿಯ ಒಬ್ಬಳು ವಿಭಾಗ ಮಟ್ಟಕ್ಕೆ ಆಯ್ಕೆಯಾಗಿದ್ದಳು.

ಆ ಕಂಬ ಊರಿನ ಹಳೆ ಗರಡಿ ಮನೆಯದು. ಗರಡಿಯ ಮಾಳಿಗೆ ಕುಸಿದ ಮೇಲೆ ಯಾರದೋ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಸಾಗವಾನಿ ಕಂಬವನ್ನು ನಮ್ಮ ದೈಹಿಕ ಶಿಕ್ಷಕರು ಕೇಳಿ ತಂದು, ಶಾಲೆಯ ಹಿತ್ತಲಲ್ಲಿ ಮೂರಡಿ ಕುಣಿ ತೋಡಿ, ಗರಸು ಕಲ್ಲುಮಣ್ಣು ತುಂಬಿ, ಬಡಿದು ದಮ್ಮಸು ಮಾಡಿ ನೆಟ್ಟಿದ್ದರು. ಸುತ್ತ ಮೆತ್ತನೆಯ ಮಣ್ಣು ಹಾಸಿದ್ದರು. ಮೊದಲು ಗಂಡುಮಕ್ಕಳೇ ಬರುತ್ತಿದ್ದರಂತೆ. ಬರಬರುತ್ತ ಅವರು ಕ್ರಿಕೆಟ್ಟಿಗೆ ಹೋದರು, ಹುಡುಗಿಯರು ಉಳಿದರು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂದು ತಾಸು ಅಭ್ಯಾಸ. ದೈಹಿಕ ಶಿಕ್ಷಕರದು ಒಂದು ರೂಢಿಯಿತ್ತು. ಮಕ್ಕಳು ಬರುವುದಕ್ಕೆ ಮೊದಲು ಕಂಬದ ಬುಡಕ್ಕೆ ಹಿಮ್ಮಡಿಯಿಂದ ಮೂರು ಸಲ ಒದ್ದು, ಅಂಗೈ ಇಟ್ಟು ನೋಡುತ್ತಿದ್ದರು. ಬುಡ ನೋಡುವುದು ಎಂದೇ ಅದಕ್ಕೆ ಹೆಸರು. ಅದಾದ ಮೇಲೆ ಒಬ್ಬೊಬ್ಬಳೇ ಬಂದು ಬುಡದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತಬೇಕು. ಕಂಬದ ಸುತ್ತ ಹತ್ತು ಅಡಿಯೊಳಗೆ ಇನ್ನೊಬ್ಬರು ನಿಲ್ಲುವಂತಿರಲಿಲ್ಲ.

ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬಂದು ಮುಖ್ಯೋಪಾಧ್ಯಾಯರ ಎದುರು ಕುಳಿತರು. ಮುಖ್ಯ ಅತಿಥಿಗಳು ಒಪ್ಪಿದ್ದಾರೆ, ಮಲ್ಲಕಂಬ ನೋಡಲೆಂದೇ ಬರುತ್ತಿದ್ದಾರೆ ಎಂದರು. ಹಾಗಾದರೆ ವೇದಿಕೆಯ ಕಾರ್ಯಕ್ರಮ ಮುಗಿಸಿ ಎಲ್ಲರೂ ಹಿತ್ತಲಿಗೆ ಹೋಗೋಣ ಎಂದರು ದೈಹಿಕ ಶಿಕ್ಷಕರು. ಅಧ್ಯಕ್ಷರು ನಕ್ಕರು.

“ಸಾಹೇಬ್ರು ಖುರ್ಚಿ ಬಿಟ್ಟು ಹಿತ್ತಲಕ ಬರ್ತಾರೇನ್ರಿ ಮಾಸ್ತರ? ಕುಂತಲ್ಲೆ ಕಾಣಬೇಕು. ಕಂಬಾನ ಮುಂದ ತರೂಣು.”

“ಮೂರು ಫೂಟ್ ಕುಣಿ ಬೇಕ್ರಿ. ಗರಸು ಹಾಕಿ ಬಡದು ಎಂಟು ದಿನ ಬಿಡಬೇಕು.”

“ಎಂಟು ದಿನ ಎಲ್ಲೈತ್ರಿ? ನಾಡದ ಕಾರ್ಯಕ್ರಮ.”

ಮುಖ್ಯೋಪಾಧ್ಯಾಯರು ಇಬ್ಬರ ಮುಖವನ್ನೂ ನೋಡಿ, ಏನಾದರೂ ಮಾಡಿ ಹೊಂದಿಸಿ ಎಂದು ದೈಹಿಕ ಶಿಕ್ಷಕರಿಗೇ ಹೇಳಿದರು. ನಮ್ಮಲ್ಲಿ ಹೊಂದಿಸುವುದು ಎಂದರೆ ಹೇಳಿದವರ ಕೆಲಸ ಮುಗಿಯಿತು ಎಂದರ್ಥ. ದೈಹಿಕ ಶಿಕ್ಷಕರಿಗೆ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಅವರು ಆಳುಗಳಿಗೆ ಹೇಳಿ ಬರಲು ಎದ್ದು ಹೋದರು. ನಾನು ಮಲ್ಲಕಂಬದ ಸಾಧನೆಯ ಸಾಲಿಗೆ ಒಂದು ಒಳ್ಳೆಯ ವಿಶೇಷಣ ಹುಡುಕುತ್ತಿದ್ದೆ.

ಮರುದಿನ ಇಬ್ಬರು ಆಳುಗಳು ವೇದಿಕೆಯ ಮುಂದೆ ಕುಣಿ ತೋಡಿದರು. ಒಂದೂವರೆ ಅಡಿಗೆ ಹಾರೆ ಠಣ್ ಎಂದಿತು. ಹಳೆಯ ಧ್ವಜಕಟ್ಟೆಯ ಕಾಂಕ್ರೀಟು ಅದು. ಎರಡು ಮಾರು ಪಕ್ಕಕ್ಕೆ ಸರಿದು ತೋಡಬಹುದಿತ್ತು. ಆದರೆ ಪಕ್ಕಕ್ಕೆ ಸರಿದರೆ ಅತಿಥಿಗಳ ಖುರ್ಚಿಗೆ ನೇರ ಆಗುವುದಿಲ್ಲ ಎಂದು ಅಧ್ಯಕ್ಷರು ಬಿಡಲಿಲ್ಲ. ಕೆಳಗೆ ಕಾಂಕ್ರೀಟು ಇದ್ದರೆ ಕಂಬ ಇನ್ನೂ ಗಟ್ಟಿ ನಿಲ್ಲುತ್ತದೆ ಎಂದರು. ಮೇಲೆ ಒಂದೂವರೆ ಅಡಿ ಎತ್ತರವೂ ಸಿಕ್ಕಿತು, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದರು. ಸುತ್ತ ನಿಂತ ನಾಲ್ಕಾರು ಜನ ಖರೆ, ಖರೆ ಎಂದರು.

ನಾನೂ ಅಲ್ಲಿದ್ದೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಕುಣಿ ಮಗ್ಗ ಇದೆ. ಮಗ್ಗದ ಗೂಟ ನೆಲದೊಳಗೆ ಎಷ್ಟಿರಬೇಕು, ಕಡಿಮೆಯಾದರೆ ಹಾಸಿನ ನೂಲಿನ ಎಳೆತಕ್ಕೆ ಅದು ಹೇಗೆ ತಲೆಬಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದೇ ತಿಂಗಳು ತರಗತಿಯಲ್ಲಿ ಸನ್ನೆಗೋಲಿನ ಪಾಠವನ್ನೂ ಮಾಡಿದ್ದೆ. ಕಂಬ ಕೆಳಗೆ ಕುಸಿಯುವ ಭಯ ಯಾರಿಗೂ ಇರಲಿಲ್ಲ, ಅದು ವಾಲುವ ಭಯ. ವಾಲುವುದನ್ನು ಕಾಂಕ್ರೀಟು ತಡೆಯುವುದಿಲ್ಲ, ಸುತ್ತಲಿನ ಮಣ್ಣು ತಡೆಯಬೇಕು. ಇಷ್ಟು ಗೊತ್ತಿತ್ತು. ದೈಹಿಕ ಶಿಕ್ಷಕರು ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ ಎಂದುಕೊಂಡು ತರಗತಿಗೆ ಹೋದೆ.

ಗರಸು ತರಿಸಲು ಸಮಯವಿರಲಿಲ್ಲ. ತೋಡಿದ ಎರೆ ಮಣ್ಣನ್ನೇ ವಾಪಸು ತುಂಬಿ, ನಾಲ್ಕು ಕಲ್ಲು ಸೇರಿಸಿ ಒನಕೆಯಿಂದ ಬಡಿದರು. ಒಣಗಿದಾಗ ಎರೆ ಮಣ್ಣು ಕಲ್ಲಿನ ಹಾಗೆ. ನೀರು ಕುಡಿದರೆ ಬೆಣ್ಣೆ. ಊರಿನ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಾರ್ಯಕ್ರಮದ ಬೆಳಿಗ್ಗೆ ಬಂದು ನೋಡಿದರೆ ಕಂಬಕ್ಕೆ ಬಣ್ಣ ಹಚ್ಚಿದ್ದರು. ಹಿಂದಿನ ಸಂಜೆ ಬ್ಯಾನರ್ ಬರೆಯಲು ಬಂದ ಪೇಂಟರ್‌ಗೆ ಹೇಳಿ ಅಧ್ಯಕ್ಷರು ಮೇಲಿನಿಂದ ಕೆಳಗೆ ಕೇಸರಿ, ಬಿಳಿ, ಹಸಿರು ಆಯಿಲ್ ಪೇಂಟ್ ಬಳಿಸಿದ್ದರು. ಬುಡದ ಹಸಿರು ಮಣ್ಣಿಗೆ ತಾಗುವವರೆಗೂ ಇತ್ತು.

ಮಲ್ಲಕಂಬಕ್ಕೆ ಬಣ್ಣ ಹಚ್ಚುವುದು ಎಂದರೇನು ಎಂಬುದು ಆಡಿದವರಿಗೇ ಗೊತ್ತು. ಬರಿಯ ಕಟ್ಟಿಗೆಗೆ ಔಡಲೆಣ್ಣೆ ತೆಳ್ಳಗೆ ಸವರಿದರೆ ಮೈ ಉಜ್ಜದೆ ತಿರುಗುತ್ತದೆ, ಬೇಕೆಂದಾಗ ತೊಡೆಯ ಹಿಡಿತ ನಿಲ್ಲುತ್ತದೆ. ಬಣ್ಣದ ಮೇಲೆ ಎಣ್ಣೆ ನಿಂತರೆ ಗಾಜಿನ ಮೇಲೆ ನಿಂತ ಹಾಗೆ. ದೈಹಿಕ ಶಿಕ್ಷಕರು ಧ್ವನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಯಾರ ಹೆಣ ಬೀಳಬೇಕು ಅಂತ ಮಾಡೀರಿ ಇದನ್ನ ಎಂದು ಅವರು ಅಧ್ಯಕ್ಷರನ್ನೇ ಕೇಳಿದರು. ಅಧ್ಯಕ್ಷರು ಚಂದ ಕಾಣ್ಲಿ ಅಂತ ಮಾಡಿಸಿದ್ದು ಎಂದು ಗೊಣಗಿದರು.

ಆಮೇಲೆ ಮೂರು ತಾಸು ನಾವೆಲ್ಲ ಬಣ್ಣ ಕೆರೆದೆವು. ಮರಳು ಕಾಗದ, ಕಳೆ ತೆಗೆಯುವ ಹಳೆಯ ಕುರ್ಪಿ, ಒಡೆದ ಹಂಚಿನ ಚೂರು, ಏನು ಸಿಕ್ಕಿತೋ ಅದರಿಂದ. ಹುಡುಗಿಯರೂ ಕೆರೆದರು. ಬುಡದ ಎರಡಡಿ ಹಸಿರನ್ನು ಬಿಟ್ಟೆವು; ಅಲ್ಲಿ ಯಾರೂ ಹಿಡಿಯುವುದಿಲ್ಲ. ಕೆರೆದು ಮುಗಿದಾಗ ಎಲ್ಲರಿಗೂ ದೊಡ್ಡ ಗಂಡಾಂತರ ಕಳೆದ ಸಮಾಧಾನ. ಆ ಸಮಾಧಾನದಲ್ಲಿ ಬುಡ ನೋಡುವುದು ತಪ್ಪಿತು. ಎಷ್ಟೋ ವರ್ಷ ಒಂದು ದಿನವೂ ತಪ್ಪದ ಕೆಲಸ ಅಂದೇ ತಪ್ಪಿತು.

ಹತ್ತಕ್ಕೆ ಬರಬೇಕಾದ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ನಡುವೆ ಗಾಳಿಗೆ ಧೂಳು ಏಳುತ್ತಿದೆ ಎಂದು ಪಂಚಾಯಿತಿಯ ಟ್ಯಾಂಕರಿನಿಂದ ಅಂಗಳಕ್ಕೆ ಎರಡು ಸಲ ನೀರು ಹೊಡೆಸಿದರು. ಹೊಸದಾಗಿ ತುಂಬಿದ ಕುಣಿ ತಗ್ಗಿತ್ತು. ನೀರು ಅಲ್ಲಿಗೇ ಹರಿದು ನಿಂತಿತು. ಆಳು ಒಂದು ಬುಟ್ಟಿ ಒಣ ಮಣ್ಣು ಚೆಲ್ಲಿ ಅದನ್ನು ಮುಚ್ಚಿದ. ನಮ್ಮ ಕಡೆ ಕಾರ್ಯಕ್ರಮಗಳಲ್ಲಿ ಚಿಕ್ಕವರು ಎಲ್ಲರಿಗಿಂತ ಮುಂದೆ ಕೂರುತ್ತಾರೆ, ತಾಯಂದಿರು ಹಿಂದೆ. ಇಪ್ಪತ್ತೆರಡು ಅಂಗನವಾಡಿ ಮಕ್ಕಳನ್ನು ಜಮಖಾನೆಯ ಮೇಲೆ, ಕಂಬದಿಂದ ಒಂದು ಮಾರು ದೂರದಲ್ಲಿ ಕೂರಿಸಿದ್ದರು. ಹತ್ತು ಅಡಿಯ ನಿಯಮ ಹಿತ್ತಲಲ್ಲೇ ಉಳಿಯಿತು.

ದೀಪ, ಸ್ವಾಗತ, ಹಾರ ಮುಗಿದು ನಾನು ವರದಿ ಓದಿದೆ. ಜನ ಚಪ್ಪಾಳೆ ತಟ್ಟಿದರು. ಅತಿಥಿಗಳಿಗೆ ಬೇರೆ ಕಡೆ ಹೋಗುವುದಿದೆ, ಮಲ್ಲಕಂಬವನ್ನೇ ಮೊದಲು ಇಡಿ ಎಂದು ಚೀಟಿ ಬಂತು.

ವಿಭಾಗಕ್ಕೆ ಆಯ್ಕೆಯಾದ ಹುಡುಗಿ ಮೊದಲು ಬಂದಳು. ಬಗ್ಗಿ ಬುಡ ಮುಟ್ಟಿದಳು, ಕೈಯನ್ನು ಹಣೆಗೆ ಒಯ್ಯಲಿಲ್ಲ. ಬೆರಳಿಗೆ ಹಸಿ ಕೆಸರು ಮೆತ್ತಿತ್ತು. ದೈಹಿಕ ಶಿಕ್ಷಕರಿಗೆ ತೋರಿಸಿದಳು.

“ಸರ್, ಬುಡ ಹಸಿ ಐತ್ರಿ.”

ಅವರು ವೇದಿಕೆಯತ್ತ ನೋಡಿದರು. ಅಧ್ಯಕ್ಷರು ಕೈಸನ್ನೆ ಮಾಡುತ್ತಿದ್ದರು. ಕೈ ಒರೆಸಿಕೊಂಡು ಹತ್ತು ಎಂದರು ದೈಹಿಕ ಶಿಕ್ಷಕರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಮೈಕ್ ಹಿಡಿದು ನಿಂತಿದ್ದೆ. ಹದಿಮೂರು ವರ್ಷದ ಹುಡುಗಿ ನೋಡಬೇಕಾದ್ದನ್ನು ನೋಡಿ, ಹೇಳಬೇಕಾದವರಿಗೆ ಹೇಳಿದ್ದಳು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಎಲ್ಲರೂ ಅವಳ ಮೇಲೆಯೇ ಹೊರಿಸಿದರು.

ಅವಳ ಆಟ ಎಂದಿನಂತೆ ಇತ್ತು. ತಲೆಕೆಳಗಾಗಿ ತೊಡೆಯಿಂದ ಕಂಬ ಹಿಡಿದು, ಎರಡೂ ಕೈ ಬಿಟ್ಟು ಪತಾಕೆಯ ಹಾಗೆ ಅಡ್ಡ ನಿಂತಾಗ ಜನ ಉಸಿರು ಹಿಡಿದರು. ನಾನು ಕೆಳಗೆ ನೋಡುತ್ತಿದ್ದೆ. ಅವಳು ಇಳಿದ ಮೇಲೆ ಕಂಬದ ವೇದಿಕೆಯ ಕಡೆಯ ಬುಡದಲ್ಲಿ, ಹಸಿರು ಬಣ್ಣ ಮುಗಿದ ಕೆಳಗೆ, ಒಂದು ಬೆರಳಿನಷ್ಟು ಬರಿ ಕಟ್ಟಿಗೆ ಕಂಡಿತು. ಬಣ್ಣ ಬಳಿಯುವಾಗ ಅದು ಮಣ್ಣಿನೊಳಗಿದ್ದ ಭಾಗ. ಕಂಬ ಮಕ್ಕಳು ಕುಳಿತ ಕಡೆಗೆ ವಾಲಲು ಶುರುವಾಗಿತ್ತು.

ವೇದಿಕೆ ಹತ್ತಿ ಮುಖ್ಯೋಪಾಧ್ಯಾಯರ ಕಿವಿಯಲ್ಲಿ ಹೇಳಿದೆ. ಅವರು ಮುಖದ ನಗೆ ಬಿಡದೆಯೇ ಉತ್ತರಿಸಿದರು.

“ಈಗ ಬ್ಯಾಡ್ರಿ ಅಕ್ಕೋರ. ಪಿರಮಿಡ್ ಒಂದ ಆಗಲಿ. ಸಾಹೇಬ್ರು ಅದಕ್ಕಂತನ ಕುಂತಾರ.”

ಕೆಳಗಿಳಿದು ದೈಹಿಕ ಶಿಕ್ಷಕರಿಗೆ ತೋರಿಸಿದೆ. ಅವರು ಬೂಟಿನಿಂದ ಆ ಸಂದಿಯನ್ನು ತುಳಿದು ಮುಚ್ಚಿದರು. ಹನ್ನೊಂದು ಹುಡುಗಿಯರ ಪಿರಮಿಡ್ಡನ್ನು ಏಳಕ್ಕೆ ಇಳಿಸುತ್ತೇನೆ ಎಂದರು. ಗೊತ್ತಿದ್ದೂ ಅರ್ಧ ಮಾಡುವುದು ಎಷ್ಟು ಸುಲಭ ಎಂಬುದನ್ನು ನಾನು ಅವರ ಮುಖದಲ್ಲಿ ಕಂಡೆ. ಮರುಕ್ಷಣದಲ್ಲಿ ನಾನೂ ಅದನ್ನೇ ಮಾಡಿದೆ.

ಮೈಕ್ ನನ್ನ ಕೈಯಲ್ಲಿತ್ತು. ಕಂಬ ಸಡಿಲಾಗಿದೆ, ಆಟ ನಿಲ್ಲಿಸುತ್ತೇವೆ ಎಂದು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಅತಿಥಿ ಶಿಕ್ಷಕಿಯನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಯಾರನ್ನು ಎಂಬುದು ಮುಖ್ಯೋಪಾಧ್ಯಾಯರ ಮಾತಿನ ಮೇಲೆ ನಿಂತಿದೆ. ಆ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಓಡಲಿಲ್ಲ ಎಂದು ಬರೆದರೆ ಸುಳ್ಳು. ನಾನು ಕಂಡುಕೊಂಡದ್ದು ಒಂದು ಜಾಣ ದಾರಿ. ಪಿರಮಿಡ್ಡಿಗೆ ಮಕ್ಕಳು ಸಜ್ಜಾಗುವಷ್ಟರಲ್ಲಿ ಅಂಗನವಾಡಿಯ ಪುಟಾಣಿಗಳೆಲ್ಲ ವೇದಿಕೆಗೆ ಬಂದು ಮುಖ್ಯ ಅತಿಥಿಗಳ ಕೈಯಿಂದ ಬಹುಮಾನ ತೆಗೆದುಕೊಳ್ಳಬೇಕು ಎಂದು ಘೋಷಿಸಿದೆ.

ಪಟ್ಟಿಯಲ್ಲಿ ಅದು ಕೊನೆಗಿತ್ತು. ಅಂಗನವಾಡಿ ಕಾರ್ಯಕರ್ತೆ ಕಣ್ಣು ಕೆಂಪು ಮಾಡಿ ನನ್ನನ್ನು ನೋಡಿದರು. ಇಬ್ಬರು ಮಕ್ಕಳಿಗೆ ನಿದ್ದೆ ಹತ್ತಿತ್ತು, ಒಬ್ಬನ ಕಿರೀಟ ಹರಿದಿತ್ತು. ನಾನು ಕಂಬದ ಬುಡ ತೋರಿಸಿದೆ. ಅವರು ಮಲಗಿದ ಇಬ್ಬರನ್ನು ಎರಡೂ ಬಗಲಿಗೆ ಎತ್ತಿಕೊಂಡು, ಉಳಿದವರಿಗೆ ಒಬ್ಬರ ಅಂಗಿ ಒಬ್ಬರು ಹಿಡಿಯಲು ಹೇಳಿ, ರೈಲು ಮಾಡಿಕೊಂಡು ವೇದಿಕೆ ಹತ್ತಿಸಿದರು. ಜಮಖಾನೆ ಖಾಲಿಯಾಯಿತು.

ಬಹುಮಾನ ನಿಧಾನವಾಗಲಿ, ಅಷ್ಟರಲ್ಲಿ ಅತಿಥಿಗಳು ಎದ್ದು ಹೋಗಲಿ ಎಂದು ಆಸೆಪಟ್ಟೆ. ಹಾಗಾಗಲಿಲ್ಲ. ನಾಲ್ಕನೇ ಮಗುವಿಗೆ ತಟ್ಟೆ ಕೊಡುವಾಗಲೇ ಮುಖ್ಯೋಪಾಧ್ಯಾಯರು ನನ್ನತ್ತ ಬೆರಳು ತಿರುಗಿಸಿದರು, ಶುರು ಮಾಡಿಸಿ ಎಂದು. ನಾನು ಘೋಷಿಸಿದೆ. ನಮ್ಮ ಶಾಲೆಯ ಹೆಮ್ಮೆ ಎಂಬ ಮಾತನ್ನೂ ಸೇರಿಸಿದೆ. ಬರೆದುಕೊಂಡಿದ್ದೆನಲ್ಲ.

ಏಳು ಹುಡುಗಿಯರು ಹತ್ತಿದರು. ಮೂವರು ಕೆಳಗೆ, ಮೂವರು ನಡುವೆ, ತುದಿಯಲ್ಲಿ ಆಕೆ. ನಡುವಿನವರು ಮೈಯನ್ನು ಹೊರಕ್ಕೆ ಚಾಚಿದ ಕೂಡಲೇ ಬುಡದಲ್ಲಿ ಒಂದು ಸದ್ದಾಯಿತು. ಒದ್ದೆ ಬಟ್ಟೆಯನ್ನು ಕಲ್ಲಿನಿಂದ ಎತ್ತಿದ ಹಾಗೆ, ಸಣ್ಣದು. ಕಂಬ ಒಮ್ಮೆಲೇ ಬೀಳಲಿಲ್ಲ. ಯೋಚಿಸುತ್ತಿರುವಂತೆ ನಿಂತಿತು, ಆಮೇಲೆ ವಾಲಿತು. ಕೆಳಗಿನವರು ಹಾರಿದರು. ದೈಹಿಕ ಶಿಕ್ಷಕರು ಓಡಿ ಬಂದು ಹೆಗಲು ಕೊಟ್ಟರು, ಅದು ಅವರನ್ನು ಬದಿಗೆ ತಳ್ಳಿ ಮುಂದೆ ಹೋಯಿತು. ನಡುವಿನವರು ಉದುರಿದರು. ತುದಿಯವಳು ಕಂಬದ ಕುತ್ತಿಗೆಗೆ ತೊಡೆ ಬಿಗಿದು ಹಿಡಿದವಳು ಹಿಡಿದ ಹಾಗೆಯೇ ಕಂಬದ ಜೊತೆ ಜಮಖಾನೆಯ ಮೇಲೆ ಬಂದು ಅಪ್ಪಳಿಸಿದಳು. ಅಲ್ಲಿ ಉಳಿದಿದ್ದ ಒಂದು ನೀರಿನ ಬಾಟಲಿ ಚೂರಾಯಿತು. ಅದರ ಪಕ್ಕದಲ್ಲಿ ಎರಡು ಪುಟ್ಟ ಚಪ್ಪಲಿಗಳು ಇದ್ದವು.

ನನ್ನ ಕೈಯಲ್ಲಿ ಮೈಕ್ ಚಾಲೂ ಇತ್ತು. ನನ್ನ ಉಸಿರಾಟ ಇಡೀ ಅಂಗಳಕ್ಕೆ ಕೇಳಿಸುತ್ತಿತ್ತು. ಅದು ಯಾರ ಸದ್ದೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅತಿಥಿಗಳನ್ನು ಮೊದಲು ಸುರಕ್ಷಿತವಾಗಿ ಗಾಡಿ ಹತ್ತಿಸಿದರು. ಹೌದು, ಮೊದಲು. ಅವರ ಗಾಡಿ ಗೇಟು ದಾಟಿದ ಮೇಲೆ, ಸಂತೆಗೆ ಉಳ್ಳಾಗಡ್ಡಿ ಒಯ್ದು ಬಂದಿದ್ದ ಒಂದು ಟಂಟಂ ಆಟೋ ಸಿಕ್ಕಿತು. ಹುಡುಗಿಯನ್ನೂ ಅವಳ ತಾಯಿಯನ್ನೂ ಅದರಲ್ಲಿ ಕೂರಿಸಿಕೊಂಡು ನಾನೂ ದೈಹಿಕ ಶಿಕ್ಷಕರೂ ಗದಗಿನ ಆಸ್ಪತ್ರೆಗೆ ಹೋದೆವು. ಬಲ ಮುಂಗೈಯ ಎರಡೂ ಎಲುಬು ಮುರಿದಿದ್ದವು. ತಲೆಗೆ ಏನೂ ಆಗಿರಲಿಲ್ಲ. ಉಳಿದ ಹುಡುಗಿಯರಿಗೆ ತರಚು ಗಾಯ, ಒಬ್ಬಳ ಮಂಡಿ ಊದಿತ್ತು. ಪ್ಲಾಸ್ಟರ್ ಹಾಕುವಾಗ ಆ ಹುಡುಗಿ ಅಳಲಿಲ್ಲ. ನನ್ನನ್ನು ಹತ್ತಿರ ಕರೆದಳು.

“ಅಕ್ಕೋರ, ನಾ ಕೈ ಬಿಟ್ಟಿಲ್ರಿ. ಕಂಬಾನ ಬಂತ್ರಿ.”

ನನಗೆ ಗೊತ್ತು ಎಂದೆ. ಎಲ್ಲರಿಗೂ ಹೇಳ್ರಿ ಎಂದಳು.

ಮರುದಿನ ಶಾಲೆಗೆ ಹೋದರೆ ಕುಣಿ ಇರಲಿಲ್ಲ. ಹಿಂದಿನ ಸಂಜೆಯೇ ಮುಚ್ಚಿ, ಮೇಲೆ ಕೆಂಪು ಮಣ್ಣು ಎಳೆದು, ನೀರು ಹೊಡೆದು ಸಪಾಟು ಮಾಡಿದ್ದರು. ಕಂಬ ಹಿತ್ತಲಲ್ಲಿ ಬಿದ್ದಿತ್ತು. ಕುಣಿ ಮುಚ್ಚುವ ಬುದ್ಧಿ ಬಂದವರಿಗೆ ಕಂಬದ ಬುಡ ನೋಡುವ ಬುದ್ಧಿ ಬಂದಿರಲಿಲ್ಲ. ತರಗತಿಯ ಅಳತೆ ಪಟ್ಟಿ ತಂದು ಹಿಡಿದೆ. ಹಸಿರು ಬಣ್ಣ ನಿಂತಲ್ಲಿಂದ ಕಂಬದ ಕೆಳತುದಿಯವರೆಗೆ ಬರಿ ಕಟ್ಟಿಗೆ, ಸರಿಯಾಗಿ ಒಂದೂವರೆ ಅಡಿ. ಪಟ್ಟಿ ಇಟ್ಟು ಫೋಟೋ ತೆಗೆದುಕೊಂಡೆ.

ಮುಖ್ಯೋಪಾಧ್ಯಾಯರು ಕರೆದು, ಇಲಾಖೆಗೆ ಕಳಿಸಲು ಘಟನೆಯ ವರದಿ ಬರೆಯಿರಿ ಎಂದರು. ಬರೆಯಬೇಕಾದ ಸಾಲನ್ನು ತಾವೇ ಹೇಳಿದರು: ಪ್ರದರ್ಶನದ ವೇಳೆ ವಿದ್ಯಾರ್ಥಿನಿಯ ಹಿಡಿತ ತಪ್ಪಿ ಸಮತೋಲನ ಕೆಟ್ಟು ಸಣ್ಣ ಪ್ರಮಾಣದ ಗಾಯವಾಗಿರುತ್ತದೆ. ಹಾಗೆ ನಡೆದಿಲ್ಲ ಎಂದೆ. ಅವರು ಬಾಗಿಲು ಮುಂದೆ ಮಾಡಿ, ಶಾಂತವಾಗಿಯೇ ಹೇಳಿದರು.

“ಹುಡುಗಿ ಜಾರಿದ್ಲು ಅಂದ್ರ ಯಾರಿಗೂ ಏನೂ ಆಗೂದಿಲ್ಲ. ಕಂಬ ಬಿತ್ತು ಅಂದ್ರ ಎಲ್ಲಾರೂ ಸಿಗತೇವಿ. ದೈಹಿಕ ಮಾಸ್ತರ ಪೆನ್ಶನ್ ನಿಂದರತೈತಿ. ನೀವೂ ಮುಂದಿನ ವರ್ಷ ಬರಾವ್ರು.”

ಯಾರಿಗೂ ಏನೂ ಆಗುವುದಿಲ್ಲ ಎಂದಾಗ ಆ ಹುಡುಗಿ ಅವರ ಲೆಕ್ಕದ ಯಾರಿಗೂ ಎಂಬುದರಲ್ಲಿ ಇರಲೇ ಇಲ್ಲ. ಹೊರಗೆ ಆಗಲೇ ಮಾತು ಹರಡಿತ್ತು. ಹೆಣ್ಣು ಹುಡುಗಿಗೆ ಜಾಸ್ತಿ ಧೈರ್ಯ ಬಂತು, ಅದಕ್ಕೇ ಜಾರಿತು ಎಂದು ಅಂಗಡಿಯ ಕಟ್ಟೆಯಲ್ಲಿ ಹೇಳುತ್ತಿದ್ದರಂತೆ. ಇನ್ನು ಮೇಲೆ ಹುಡುಗಿಯರಿಗೆ ಮಲ್ಲಕಂಬ ಬೇಡ ಎಂದು ಪೋಷಕರ ಸಭೆಯಲ್ಲಿ ಠರಾವು ಮಾಡುತ್ತೇವೆ ಎಂದು ಅಧ್ಯಕ್ಷರು ಸಾರಿದ್ದರು. ಘಟನೆಯ ವರದಿಗೆ ಅದೇ ಸಭೆಯಲ್ಲಿ ಹುಡುಗಿಯ ತಾಯಿಯ ಸಹಿ ಆಗಬೇಕಿತ್ತು.

ಆ ರಾತ್ರಿ ನಾನು ನನ್ನದೇ ವರದಿ ಬರೆದೆ. ಕುಣಿಯ ಆಳ, ಎರೆ ಮಣ್ಣು, ಟ್ಯಾಂಕರಿನ ನೀರು, ಹುಡುಗಿ ತೋರಿಸಿದ ಕೆಸರು, ಮುಖ್ಯೋಪಾಧ್ಯಾಯರು ಆಡಿದ ಮಾತು, ಎಲ್ಲ ಸಮಯದ ಸಮೇತ. ಬರೆದು ಮುಗಿದಾಗ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿತ್ತು. ಸಭೆಗೆ ಮೊದಲು ತೋರಿಸೋಣ ಎಂದು ಮರುದಿನ ಹುಡುಗಿಯ ಮನೆಗೆ ಹೋದೆ.

ತಾಯಿ ಪಡಸಾಲೆಯಲ್ಲಿ ಒಣಮೆಣಸಿನಕಾಯಿ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಹುಡುಗಿ ಎಡಗೈಯಿಂದ ಅದೇ ಕೆಲಸ ಮಾಡುತ್ತ ಪಕ್ಕದಲ್ಲಿ ಕುಳಿತಿದ್ದಳು. ನಾನು ಓದಿ ಹೇಳಿದೆ. ತಾಯಿ ಕೈ ನಿಲ್ಲಿಸದೆ ಕೇಳಿಸಿಕೊಂಡರು.

“ಚಲೋ ಬರದೀರಿ ಅಕ್ಕೋರ. ಊರ ತುಂಬ ನಿಮ್ಮ ಹೆಸರು ಐತಿ, ಅಂಗನವಾಡಿ ಕೂಸುಗಳನ್ನ ಉಳಿಸಿದ್ರು ಅಂತ.”

ನಾನು ಏನೋ ಹೇಳಲು ಹೋದೆ. ಅವರು ತಲೆ ಎತ್ತಿದರು.

“ಅಂದ್ರ ಬೀಳತೈತಿ ಅಂತ ನಿಮಗ ಗೊತ್ತಿತ್ತು. ಸಣ್ಣವ್ರನ್ನ ಎಬ್ಬಿಸಿದ್ರಿ. ನನ್ನ ಮಗಳನ್ನ ಯಾಕ ಹತ್ತಿಸಿದ್ರಿ?”

ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬಂತು. ಕೆಮ್ಮುತ್ತ ಇದ್ದರೆ ಉತ್ತರ ಹೇಳಬೇಕಾಗಿಲ್ಲ ಎಂದು ಅನಿಸಿತು. ಕೊನೆಗೆ, ಹೆದರಿದೆ ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ. ಹುಡುಗಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಎಡಗೈಯಿಂದ ಕೊಟ್ಟಳು, ಎಡಗೈಯಿಂದ ಕೊಟ್ಟದ್ದಕ್ಕೆ ಮಾಫಿ ಕೇಳಿದಳು.

ಮನೆಗೆ ಬಂದು ವರದಿಯನ್ನು ಮತ್ತೆ ಓದಿದೆ. ನಾನು ಮುಖ್ಯೋಪಾಧ್ಯಾಯರಿಗೆ ಹೇಳಿದ್ದು ಅದರಲ್ಲಿತ್ತು, ದೈಹಿಕ ಶಿಕ್ಷಕರಿಗೆ ತೋರಿಸಿದ್ದು ಇತ್ತು, ಚಿಕ್ಕ ಮಕ್ಕಳನ್ನು ಎಬ್ಬಿಸಿದ್ದು ಇತ್ತು. ಪಿರಮಿಡ್ಡನ್ನು ಘೋಷಿಸಿದ್ದು ಯಾರು ಎಂಬುದು ಮಾತ್ರ ಇರಲಿಲ್ಲ. ‘ಪ್ರದರ್ಶನ ಆರಂಭವಾಯಿತು’ ಎಂದು ಬರೆದಿದ್ದೆ, ಅದು ತಾನಾಗಿಯೇ ಆರಂಭವಾಯಿತು ಎಂಬಂತೆ. ಮುಖ್ಯೋಪಾಧ್ಯಾಯರ ಸಾಲಿನಲ್ಲಿ ಹುಡುಗಿಯ ಹಿಡಿತ ತಾನಾಗಿಯೇ ತಪ್ಪಿತ್ತು. ನನ್ನದೂ ಅದೇ ವ್ಯಾಕರಣ. ಆ ಹಾಳೆಯನ್ನು ಹರಿದು ಹೊಸದಾಗಿ ಬರೆದೆ.

ಶನಿವಾರ ಪೋಷಕರ ಸಭೆ. ಅಧ್ಯಕ್ಷರು ಠರಾವಿನ ಮಾತು ಎತ್ತಿದರು. ಹೆಣ್ಣುಮಕ್ಕಳ ಹಿತದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮುಖ್ಯೋಪಾಧ್ಯಾಯರು ತಮ್ಮ ಸಾಲು ಬರೆದಿದ್ದ ನಡಾವಳಿ ಪುಸ್ತಕವನ್ನು ಹುಡುಗಿಯ ತಾಯಿಯ ಮುಂದಿಟ್ಟು ಪೆನ್ನು ಕೊಟ್ಟರು. ತಾಯಿ ಪೆನ್ನು ಹಿಡಿದುಕೊಂಡರು, ಬರೆಯಲಿಲ್ಲ.

“ನನ್ನ ಮಗಳು ಜಾರಿಲ್ಲ ಅಂತ ಬರೀರಿ ಮೊದಲ. ಆಡೂದು ಬಿಡೂದು ಆಮ್ಯಾಲ ನೋಡೂಣು.”

ಅಧ್ಯಕ್ಷರು ನೀ ಸುಮ್ನ ಸಹಿ ಮಾಡವಾ, ನಿಮ್ಮ ಹುಡುಗಿ ಒಳ್ಳೇದಕ್ಕ ಹೇಳಾಕ ಹತ್ತೇವಿ ಎಂದರು. ನಾನು ಎದ್ದು, ಇನ್ನೊಂದು ವರದಿ ಇದೆ ಎಂದೆ. ನೀವು ಕುಂಡ್ರಿ ಅಕ್ಕೋರ ಎಂದರು ಮುಖ್ಯೋಪಾಧ್ಯಾಯರು. ಹಿಂದಿನಿಂದ ಅಂಗನವಾಡಿ ಕಾರ್ಯಕರ್ತೆಯ ದನಿ ಬಂತು.

“ಓದ್ಲಿ ಬಿಡ್ರಿ. ಅವತ್ತ ನನ್ನ ಇಪ್ಪತ್ತೆರಡು ಕೂಸು ಅಲ್ಲೆ ಕುಂತಿದ್ವು. ನಾ ಕೇಳಬೇಕು.”

ಓದಿದೆ. ಕುಣಿಯ ಅಳತೆ ಬಂದಾಗ ಫೋಟೋವನ್ನು ಕೈಯಿಂದ ಕೈಗೆ ದಾಟಿಸಿದರು. ಹುಡುಗಿ ಕೆಸರು ತೋರಿಸಿದ ಸಾಲು ಬಂದಾಗ ದೈಹಿಕ ಶಿಕ್ಷಕರು ಎದ್ದು ನಿಂತರು, ಹೌದು, ತೋರಿಸಿದಳು, ಹತ್ತು ಅಂದವನು ನಾನು ಎಂದು ಹೇಳಿ ಮತ್ತೆ ಕುಳಿತರು. ಆಮೇಲೆ ನನ್ನ ಸಾಲು ಬಂತು. ಕಂಬದ ಬುಡ ಸಡಿಲಾದುದನ್ನು ಕಣ್ಣಾರೆ ಕಂಡೂ, ಮೈಕ್ ಕೈಯಲ್ಲಿದ್ದೂ, ಪ್ರದರ್ಶನವನ್ನು ನಿಲ್ಲಿಸದೆ ಅದನ್ನು ಆರಂಭಿಸಲು ಘೋಷಣೆ ಮಾಡಿದವಳು ಅತಿಥಿ ಶಿಕ್ಷಕಿಯಾದ ನಾನು. ವಿದ್ಯಾರ್ಥಿನಿ ಕಂಬ ನೆಲಕ್ಕೆ ಬೀಳುವವರೆಗೂ ಹಿಡಿತ ಬಿಟ್ಟಿರುವುದಿಲ್ಲ.

ಬಾಗಿಲ ಬಳಿ ಹುಡುಗಿಯರ ಗುಂಪು ಇಣುಕುತ್ತಿತ್ತು. ಮುಖ್ಯೋಪಾಧ್ಯಾಯರು, ಇದು ಶಿಕ್ಷಕಿಯ ವೈಯಕ್ತಿಕ ಅಭಿಪ್ರಾಯ, ದಾಖಲೆ ಆಗುವುದಿಲ್ಲ ಎಂದರು.

ಹುಡುಗಿಯ ತಾಯಿ ನನ್ನ ಹಾಳೆಗಳನ್ನು ಕೇಳಿ ಪಡೆದರು. ನಡಾವಳಿ ಪುಸ್ತಕದ ಮೇಲೆ, ಆ ಇನ್ನೊಂದು ಸಾಲು ಮುಚ್ಚುವ ಹಾಗೆ ಹರಡಿಕೊಂಡರು.

“ಇದಕ್ಕ ಸಹಿ ಮಾಡ್ತೀನಿ. ಎಲ್ಲೆ ಮಾಡ್ಬೇಕು, ತೋರಸ್ರಿ.”

ನಾನು ಬೆರಳಿಟ್ಟು ತೋರಿಸಿದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಬರೆದು, ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು, ಎಲ್ಲವನ್ನೂ ಮುಖ್ಯೋಪಾಧ್ಯಾಯರ ಕಡೆಗೆ ಸರಿಸಿದರು.